ಚಪಲಚಿತ್ತ ಬಾಲಕನೂ ಪ್ರಾಥಮಿಕ ಶಾಲೆಯೂ

ಪ್ರಾಥಮಿಕ ಶಾಲೆಯ ಇತಿಹಾಸವನ್ನು ಬರೆದವರು ಬಹುಶಃ ಅದರ ಕಟ್ಟಡಗಳ, ಕಾಯಿದೆಗಳ, ಪಠ್ಯಪುಸ್ತಕಗಳ ಹಾಗೂ ದಾನಿಗಳ ಇತಿಹಾಸವನ್ನೇ ಬರೆದಿರುವರು. ಆ ಶಾಲೆಯಲ್ಲಿ ಒಂದು ಗಳಿಗೆಯೂ ಸುಮ್ಮನೆ ಕೂಡ್ರಲಾರದ ಬಾಲಕನ ಇತಿಹಾಸವನ್ನು ಬರೆದವರು ವಿರಳರು. ಗುರುಗಳು ಪ್ರಶ್ನೆಯನ್ನು ಮುಗಿಸುವ ಮೊದಲೇ ಉತ್ತರವನ್ನು ಕೂಗುವವನು, ತನ್ನ ಸರದಿಯನ್ನು ಕಾಯಲಾರದವನು, ವಾರಕ್ಕೊಂದು ಬಳಪವನ್ನು ಕಳೆಯುವವನು, ಬಲ್ಲ ಲೆಕ್ಕವನ್ನೇ ಅರ್ಧಕ್ಕೆ ಬಿಟ್ಟು ಏಳುವವನು, ಹೀಗೆ ಅವನ ಗುರುತು ಎಲ್ಲ ದೇಶದ ಶಿಕ್ಷಕರಿಗೂ ಉಂಟು. ಅವನ ಪಕ್ಕದಲ್ಲಿಯೇ ಸದ್ದು ಮಾಡದೆ ಕಿಟಕಿಯಾಚೆ ನೋಡುತ್ತ ಪಾಠವನ್ನೆಲ್ಲ ಕಳೆದುಕೊಳ್ಳುವ ಬಾಲಕಿಯೊಬ್ಬಳು ಕುಳಿತಿರುವದುಂಟು. ಅವಳ ಗುರುತು ಮಾತ್ರ ಬಹುಕಾಲ ಯಾರಿಗೂ ಸಿಕ್ಕಲಿಲ್ಲ.

ಇಂಥ ಮಕ್ಕಳ ಸ್ಥಿತಿಗೆ ವೈದ್ಯಶಾಸ್ತ್ರವು ಇಂದು ಕೊಟ್ಟಿರುವ ಹೆಸರು ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂಬುದು, ಸಂಕ್ಷೇಪವಾಗಿ ಎ.ಡಿ.ಎಚ್.ಡಿ. ಈ ಹೆಸರು ಹುಟ್ಟಿದ್ದು ೧೯೮೭ರಲ್ಲಿ. ಅದಕ್ಕೂ ಮೊದಲು ಇವರಿಗೆ ಬೇರೆ ಬೇರೆ ಹೆಸರುಗಳಿದ್ದವು. ಪುಂಡ, ತುಂಟ, ಸೋಮಾರಿ, ಮೊಂಡ ಎಂಬುವು ಊರವರು ಇಟ್ಟ ಹೆಸರುಗಳು; ನೀತಿನಿಗ್ರಹವಿಲ್ಲದವನು, ಮಿದುಳಿಗೆ ಪೆಟ್ಟು ಬಿದ್ದವನು, ಅತಿಚಲನೆಯ ರೋಗಿ ಎಂಬುವು ವಿದ್ವಾಂಸರು ಇಟ್ಟವು. ಹೆಸರು ಬದಲಾದ ಹಾಗೆಲ್ಲ ಮಗುವಿಗೆ ದೊರೆಯುವ ಉಪಚಾರವೂ ಬದಲಾಯಿತು. ಪುಂಡನೆಂದಾಗ ಬೆತ್ತ, ರೋಗಿಯೆಂದಾಗ ಗುಳಿಗೆ, ಮಿದುಳು ಕೆಟ್ಟವನೆಂದಾಗ ಬೇರೆ ಕೊಠಡಿ. ಆದುದರಿಂದ ಈ ಹೆಸರುಗಳ ಇತಿಹಾಸವು ಕೇವಲ ಶಬ್ದಗಳ ಇತಿಹಾಸವಲ್ಲ. ಈ ನೂರಾರು ವರ್ಷಗಳಲ್ಲಿ ಮಗುವನ್ನು ಮೊದಲು ಕಂಡು ತೀರ್ಪು ಹೇಳಿದ ಸ್ಥಾನವು ಆಸ್ಪತ್ರೆಯಲ್ಲ, ಪ್ರಾಥಮಿಕ ಶಾಲೆ. ಮೊದಲ ನ್ಯಾಯಾಧೀಶನು ವೈದ್ಯನಲ್ಲ, ಶಿಕ್ಷಕನು. ಈ ಮಾತನ್ನು ಇಲ್ಲಿ ಯಥಾಕ್ರಮವಾಗಿ ವಿವರಿಸಲಾಗುವದು.

ಗಾಂವಠಿ ಶಾಲೆಯಲ್ಲಿ

ಕನ್ನಡ ನಾಡಿನ ಹಳೆಯ ಶಾಲೆಗಳ ಬಗೆಗೆ ದೊರೆಯುವ ಸರಕಾರಿ ವರದಿಗಳಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ಲರು ೧೮೨೩ರ ಆಗಸ್ಟ್ ತಿಂಗಳಲ್ಲಿ ಬರೆದುದು ಬಹು ಬೆಲೆಯುಳ್ಳದ್ದು. ಮದ್ರಾಸಿನ ಗವರ್ನರರಾದ ಥಾಮಸ್ ಮನ್ರೋ ಅವರು ೧೮೨೨ರಲ್ಲಿ ಎಲ್ಲ ಜಿಲ್ಲೆಗಳ ಪಾಠಶಾಲೆಗಳ ಲೆಕ್ಕವನ್ನು ಕೇಳಿದ್ದರು. ಅದಕ್ಕೆ ಕೊಟ್ಟ ಉತ್ತರವೇ ಈ ವರದಿ. ಬಳ್ಳಾರಿ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರೆಂದು ಅದರಲ್ಲಿ ಹೇಳಿದೆ. ಅಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳು. ಹುಡುಗರನ್ನು ವಯಸ್ಸಿನ ಮೇಲೆ ತರಗತಿಗಳಾಗಿ ಹಂಚುವ ಪದ್ಧತಿ ಅಲ್ಲಿರಲಿಲ್ಲ. ಸಾಮಾನ್ಯವಾಗಿ ನಾಲ್ಕು ಮೆಟ್ಟಿಲುಗಳಿದ್ದು, ಹುಡುಗನು ತನ್ನ ಶಕ್ತಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಏರುತ್ತಿದ್ದನು. ಕೆಳಗಿನವರಿಗೆ ಮೇಲಿನ ಹುಡುಗರೇ ಪಾಠ ಹೇಳುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವದು, ಕೂಡಿ ನಿಂತು ಮಗ್ಗಿಗಳನ್ನು ಗಟ್ಟಿಯಾಗಿ ಹೇಳುವದು, ಇವೇ ಅಲ್ಲಿಯ ಅಭ್ಯಾಸಗಳು.

ಚಪಲಚಿತ್ತನಾದ ಬಾಲಕನಿಗೆ ಈ ಏರ್ಪಾಟಿನಲ್ಲಿ ಒಂದು ಅನುಕೂಲವಿದ್ದಿತು, ಒಂದು ಭಯಂಕರವಾದ ಪ್ರತಿಕೂಲವೂ ಇದ್ದಿತು. ಅನುಕೂಲವೆಂದರೆ, ಗುರುವಿನ ಕಣ್ಣು ಹನ್ನೆರಡು ಮಕ್ಕಳ ಮೇಲೆ ಮಾತ್ರ ಇದ್ದುದು, ಕೈಗೂ ಕಂಠಕ್ಕೂ ಕೆಲಸವಿದ್ದುದು, ಸಮವಯಸ್ಕರೊಡನೆ ಅವನನ್ನು ದಿನವೂ ಅಳೆಯುವ ಕೋಲು ಇಲ್ಲದಿದ್ದುದು. ಪ್ರತಿಕೂಲವೆಂದರೆ ಶಿಕ್ಷೆ. ಬೆಳಿಗ್ಗೆ ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಪಾಠದಲ್ಲಿ ಮನಸ್ಸಿಡದ ಹುಡುಗನನ್ನು ಹೊಡೆಯುವದಲ್ಲದೆ, ಎರಡೂ ಕೈಗಳನ್ನು ಕಟ್ಟಿ ರಾಟೆಯಿಂದ ಮಾಡಿಗೆ ತೂಗಹಾಕುವದೂ ಎಡೆಬಿಡದೆ ಬಸ್ಕಿ ಹೊಡೆಸುವದೂ ಉಂಟೆಂದು ಕ್ಯಾಂಬೆಲ್ಲರು ಬರೆದಿರುವರು. ತೂಗಹಾಕುವ ಈ ಶಿಕ್ಷೆಗೆ ನಮ್ಮವರು ಕೋದಂಡವೆಂಬ ಹೆಸರನ್ನೇ ಕೊಟ್ಟಿದ್ದರು. ಕಾಲವನ್ನು ಮರೆಯುವದೂ ತಡವಾಗಿ ಬರುವದೂ ಯಾವ ಮಗುವಿನ ಸ್ವಭಾವವೇ ಆಗಿರುವದೋ ಅವನ ಪಾಲಿಗೆ ಪ್ರತಿದಿನದ ಪಾಠವು ಏಟಿನಿಂದಲೇ ಆರಂಭವಾಗುತ್ತಿದ್ದಿತು. ಆ ೬,೬೪೧ ಹುಡುಗರಲ್ಲಿ ಯಾರಿಗೆ ಈ ತೊಂದರೆ ಇದ್ದಿತೆಂದು ಇಂದು ಹೇಳುವದು ಸಾಧ್ಯವಲ್ಲ. ಆದರೆ ಬಸ್ಕಿ ಹೊಡೆದವರ ಸಾಲಿನಲ್ಲಿ ಅಂಥವರು ಇದ್ದಿರಲೇಬೇಕೆಂಬುದರಲ್ಲಿ ಸಂದೇಹವಿಲ್ಲ.

ಮದ್ರಾಸಿನಿಂದ ಲಂಡನ್ನಿಗೆ

ಈ ದೇಶೀಯ ಪದ್ಧತಿಯೇ ಸಮುದ್ರವನ್ನು ದಾಟಿ ಹೋದುದು ಒಂದು ವಿಚಿತ್ರವಾದ ಸಂಗತಿ. ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು ೧೭೮೯ರಿಂದ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಮರಳಿನ ಮೇಲೆ ಬರೆಯಿಸುವದನ್ನೂ ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸುವದನ್ನೂ ಅಲ್ಲಿ ಬಳಸಿ, ೧೭೯೭ರಲ್ಲಿ ಅದರ ವಿವರವನ್ನು ಇಂಗ್ಲೆಂಡಿನಲ್ಲಿ ಪ್ರಕಟಿಸಿದರು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬವರು ಇದೇ ಬಗೆಯ ಶಾಲೆಯನ್ನು ತೆರೆದು, ಒಬ್ಬನೇ ಗುರುವಿನ ಕೈಕೆಳಗೆ ನೂರಾರು ಬಡಮಕ್ಕಳನ್ನು ಒಂದೇ ಸಭಾಂಗಣದಲ್ಲಿ ಸಾಲುಸಾಲಾಗಿ ಕೂಡ್ರಿಸಿದರು. ಹನ್ನೆರಡು ಮಕ್ಕಳಿಗೆ ಹೊಂದುತ್ತಿದ್ದ ಉಪಾಯವು ಹೀಗೆ ನೂರಾರು ಮಕ್ಕಳ ಯಂತ್ರವಾಯಿತು.

ಯಂತ್ರದಲ್ಲಿ ಒಂದು ಹಲ್ಲು ಸಡಿಲವಾದರೂ ಸದ್ದಾಗುವದು. ಅದುದರಿಂದ ಅಲ್ಲಾಡದೆ ಕೂಡ್ರುವದೇ ವಿದ್ಯೆಯ ಮೊದಲ ಮೆಟ್ಟಿಲೆಂಬ ಭಾವನೆ ಬೆಳೆಯಿತು. ಲ್ಯಾಂಕಾಸ್ಟರರು ಬೆತ್ತವನ್ನು ಒಪ್ಪಲಿಲ್ಲ. ಅದರ ಬದಲು ನಾಚಿಕೆಯನ್ನು ಆಯುಧವಾಗಿ ಹಿಡಿದರು. ಮಾತನಾಡುವ ಹುಡುಗನ ಕೊರಳಿಗೆ ಮರದ ಕೊರಡನ್ನು ಕಟ್ಟುವದು, ಪದೇ ಪದೇ ತಪ್ಪು ಮಾಡುವವನನ್ನು ಬುಟ್ಟಿಯಲ್ಲಿಟ್ಟು ಎಲ್ಲರೂ ಕಾಣುವಂತೆ ಮಾಡಿಗೆ ಎಳೆದು ತೂಗಬಿಡುವದು ಅವರ ಶಿಕ್ಷೆಗಳಲ್ಲಿ ಸೇರಿದ್ದವು. ಬಳ್ಳಾರಿಯ ರಾಟೆಯೂ ಲಂಡನ್ನಿನ ಬುಟ್ಟಿಯೂ ಒಂದೇ ಮಾತನ್ನು ಹೇಳುವವು: ಕೂಡ್ರಲಾರದವನು ಕೂಡ್ರಲೊಲ್ಲದವನೆಂದೇ ಎರಡೂ ದೇಶಗಳಲ್ಲಿ ತಿಳಿಯಲಾಗಿದ್ದಿತು. ಲಾರದುದಕ್ಕೂ ಒಲ್ಲದುದಕ್ಕೂ ಇರುವ ಅಂತರವನ್ನು ಕಾಣುವದಕ್ಕೆ ಇನ್ನೂ ಬಹಳ ಕಾಲ ಹಿಡಿಯಬೇಕಾಗಿದ್ದಿತು.

ವೈದ್ಯರ ಮೊದಲ ಮಾತುಗಳು

ಆ ಅಂತರವನ್ನು ಸ್ವಲ್ಪಮಟ್ಟಿಗೆ ಕಂಡ ವೈದ್ಯರು ಅದೇ ಯುಗದಲ್ಲಿ ಇದ್ದರು. ಜರ್ಮನಿಯ ಮೆಲ್ಕಿಯೋರ್ ಆಡಮ್ ವೈಕಾರ್ಡ್ ಎಂಬ ವೈದ್ಯರು ೧೭೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಗಮನದ ಕೊರತೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಅವರು ಹೇಳಿದ ಚಿಕಿತ್ಸೆಗಳಲ್ಲಿ ಗದ್ದಲವಿಲ್ಲದ ಕೋಣೆ, ತಣ್ಣೀರ ಸ್ನಾನ, ಹುಳಿ ಹಾಲು, ಕುದುರೆ ಸವಾರಿ ಮೊದಲಾದುವುಗಳಿದ್ದವು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರಿಕ್ಟನ್ ಎಂಬವರು ೧೭೯೮ರಲ್ಲಿ ಇನ್ನೂ ಸ್ಪಷ್ಟವಾಗಿ ಬರೆದರು. ಒಂದು ವಿಷಯದ ಮೇಲೆ ಸ್ಥಿರವಾಗಿ ಮನಸ್ಸಿಡಲಾರದ ಸ್ಥಿತಿಯು ಹುಟ್ಟಿನಿಂದಲೇ ಬರಬಹುದು, ಬಾಲ್ಯದಲ್ಲಿಯೇ ಕಾಣಿಸಿಕೊಳ್ಳುವದು, ವಯಸ್ಸಾದಂತೆ ಸಾಮಾನ್ಯವಾಗಿ ಕಡಿಮೆಯಾಗುವದು ಎಂಬುದು ಅವರ ಮತವಾಗಿದ್ದಿತು. ಲ್ಯಾಟಿನ್ ಗ್ರೀಕ್ ವ್ಯಾಕರಣಗಳ ಶುಷ್ಕತೆಯನ್ನು ಕೆಲವು ಮಕ್ಕಳು ಬೆತ್ತದ ಭಯದಿಂದಲೂ ಸವಿಮಾತಿನಿಂದಲೂ ಸಹಿಸಲಾರರೆಂಬುದನ್ನು ಶಿಕ್ಷಕರೆಲ್ಲ ಕಂಡಿರಬೇಕೆಂದೂ ಅವರು ಸೂಚಿಸಿದರು. ಇಲ್ಲಿ ವೈದ್ಯನೊಬ್ಬನು ಮಗುವಿನ ಜೊತೆಗೆ ಪಾಠವನ್ನೂ ಕಟಕಟೆಯಲ್ಲಿ ನಿಲ್ಲಿಸಿದುದು ಗಮನಿಸತಕ್ಕದ್ದು. ಆದರೆ ಈ ಗ್ರಂಥಗಳು ವೈದ್ಯರ ಕಪಾಟಿನಲ್ಲಿಯೇ ಉಳಿದವು. ಶಾಲೆಯ ಹೊಸ್ತಿಲನ್ನು ದಾಟಲಿಲ್ಲ.

ಮನೆಮನೆಗೆ ತಲುಪಿದುದು ಒಂದು ಚಿತ್ರಪುಸ್ತಕ. ಫ್ರಾಂಕ್‌ಫರ್ಟಿನ ವೈದ್ಯರಾದ ಹೈನ್ರಿಕ್ ಹಾಫ್‌ಮನ್ನರು ೧೮೪೪ರಲ್ಲಿ ತಮ್ಮ ಚಿಕ್ಕ ಮಗನಿಗಾಗಿ ಬರೆದು, ಮರುವರ್ಷ ಅಚ್ಚು ಮಾಡಿಸಿದ 'ಷ್ಟ್ರೂವೆಲ್‌ಪೀಟರ್' ಎಂಬ ಆ ಪುಸ್ತಕವು ಮುಂದೆ ಅನೇಕ ಭಾಷೆಗಳಿಗೆ ಹೋಯಿತು. ಅದರ ಮುಂದಿನ ಆವೃತ್ತಿಗಳಲ್ಲಿ ಊಟದ ಮೇಜಿನ ಬಳಿ ಕುರ್ಚಿಯನ್ನು ತೂಗಾಡಿಸಿ, ಹಾಸುಬಟ್ಟೆಯನ್ನು ಪಾತ್ರೆಗಳ ಸಮೇತ ಮೈಮೇಲೆ ಎಳೆದುಕೊಳ್ಳುವ ಫಿಲಿಪ್ಪನೂ, ಆಕಾಶವನ್ನೇ ನೋಡುತ್ತ ನಡೆದು ನೀರಿಗೆ ಬೀಳುವ ಹಾನ್ಸನೂ ಇರುವರು. ಒಬ್ಬನಲ್ಲಿ ಅತಿಚಲನೆ, ಇನ್ನೊಬ್ಬನಲ್ಲಿ ಅನ್ಯಮನಸ್ಕತೆ. ಓದುಗರು ಇವರಿಬ್ಬರನ್ನೂ ನೋಡಿ ನಕ್ಕರು. ತಪ್ಪು ಮಾಡಿದವನು ಫಲವನ್ನು ಉಂಡನೆಂಬ ನೀತಿಯನ್ನೇ ಮಕ್ಕಳಿಗೆ ಕಲಿಸಿದರು.

ಕಡ್ಡಾಯ ಶಿಕ್ಷಣವೂ ಸ್ಟಿಲ್ ಅವರ ಉಪನ್ಯಾಸಗಳೂ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ದೇಶಗಳು ಒಂದೊಂದಾಗಿ ಎಲ್ಲ ಮಕ್ಕಳನ್ನೂ ಶಾಲೆಗೆ ಕರೆತಂದವು. ಇಂಗ್ಲೆಂಡಿನಲ್ಲಿ ೧೮೭೦ರ ಕಾಯಿದೆಯು ಶಾಲೆಗಳನ್ನು ಕಟ್ಟಿಸಿತು. ೧೮೮೦ರ ಕಾಯಿದೆಯು ಐದರಿಂದ ಹತ್ತು ವರ್ಷದ ಮಕ್ಕಳ ಹಾಜರಿಯನ್ನು ಕಡ್ಡಾಯ ಮಾಡಿತು. ಫ್ರಾನ್ಸಿನಲ್ಲಿ ೧೮೮೨ರಲ್ಲಿ ಆರರಿಂದ ಹದಿಮೂರು ವರ್ಷದವರಿಗೆ ಅದೇ ನಿಯಮವು ಬಂದಿತು. ನಮ್ಮಲ್ಲಿ ಮೈಸೂರು ಸಂಸ್ಥಾನವು ೧೯೧೩ರಲ್ಲಿ ಈ ಕಡೆಗೆ ಹೆಜ್ಜೆಯಿಟ್ಟಿತು; ಮುಂಬಯಿ ಇಲಾಖೆಯ ಪುರಸಭೆಗಳಿಗೆ ೧೯೧೮ರ ಕಾಯಿದೆಯಿಂದ ಆ ಅಧಿಕಾರವು ದೊರೆಯಿತು. ಇದರ ಪುಣ್ಯವು ದೊಡ್ಡದು. ಆದರೆ ಇದುವರೆಗೆ ಹೊಲದಲ್ಲಿ ದನ ಕಾಯುತ್ತ, ಕುಲುಮೆಯಲ್ಲಿ ತಿದಿಯೊತ್ತುತ್ತ, ಓಡಾಡುವ ಕೆಲಸಗಳಲ್ಲಿ ಸಲೀಸಾಗಿ ಹೊಂದಿಕೊಂಡಿದ್ದ ಮಗುವೂ ಈಗ ಬೆಂಚಿನ ಮೇಲೆ ಬಂದು ಕೂಡ್ರಬೇಕಾಯಿತು. ಹೊಲದಲ್ಲಿ ಚುರುಕೆನಿಸಿದ್ದ ಗುಣವೇ ಬೆಂಚಿನ ಮೇಲೆ ದೋಷವೆನಿಸಿತು.

ಇಂಗ್ಲೆಂಡಿನಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಕೂಡಿತು. ೧೮೬೨ರ ನಿಯಮದಂತೆ ಶಾಲೆಯ ಸಹಾಯಧನವು ಮಕ್ಕಳ ಹಾಜರಿಯ ಮೇಲೂ, ಇನ್‌ಸ್ಪೆಕ್ಟರರು ಬಂದು ಓದು, ಬರಹ, ಲೆಕ್ಕಗಳಲ್ಲಿ ಒಬ್ಬೊಬ್ಬನನ್ನೂ ಪರೀಕ್ಷಿಸಿದ ಫಲದ ಮೇಲೂ ನಿಂತಿದ್ದಿತು. ಈ ಪದ್ಧತಿಯು ೧೮೯೭ರವರೆಗೆ ಒಂದಿಲ್ಲೊಂದು ರೂಪದಲ್ಲಿ ಉಳಿಯಿತು. ಬಲ್ಲ ಉತ್ತರವನ್ನೂ ಪರೀಕ್ಷೆಯ ದಿನ ತಪ್ಪಿ ಬರೆಯುವ ಮಗುವು ಆಗ ಶಾಲೆಗೆ ಹಣದ ನಷ್ಟವಾಗಿಯೂ ಕಂಡಿತು. ಶಿಕ್ಷಕನ ಕಣ್ಣಿನಲ್ಲಿ ಕರುಣೆಯು ಕಡಿಮೆಯಾದರೆ ಅದಕ್ಕೆ ಅವನೊಬ್ಬನನ್ನೇ ದೂಷಿಸುವದು ನ್ಯಾಯವಲ್ಲ.

ಇಂಥ ಕಾಲದಲ್ಲಿ, ೧೯೦೨ರ ಮಾರ್ಚ್ ತಿಂಗಳಲ್ಲಿ, ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಬಾಲರೋಗತಜ್ಞರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ ಸಂಸ್ಥೆಯಲ್ಲಿ ಮೂರು ಉಪನ್ಯಾಸಗಳನ್ನು ಕೊಟ್ಟರು. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಇಪ್ಪತ್ತು ಮಕ್ಕಳನ್ನು ಅವರು ವರ್ಣಿಸಿದರು. ಅವರಲ್ಲಿ ಹದಿನೈದು ಜನ ಹುಡುಗರು, ಐದು ಜನ ಹುಡುಗಿಯರು. ಮಾತಿನಲ್ಲಿ ಚತುರರಾಗಿ ಕಾಣುವ ಈ ಮಕ್ಕಳಲ್ಲಿ ಕೆಲವರು ಗಮನವು ನಿಲ್ಲದ ಕಾರಣದಿಂದಲೇ ಶಾಲೆಯಲ್ಲಿ ಹಿಂದೆ ಬೀಳುತ್ತಿದ್ದರು. ಆರು ವರ್ಷದ ಒಬ್ಬ ಹುಡುಗನು ಆಟದಲ್ಲಿಯೂ ಹೆಚ್ಚು ಹೊತ್ತು ಮನಸ್ಸಿಡಲಾರದವನಾಗಿದ್ದನು. ಶಿಕ್ಷೆ ಕೊಟ್ಟ ಕೆಲವು ಗಂಟೆಗಳಲ್ಲಿಯೇ ಅದೇ ತಪ್ಪನ್ನು ಮತ್ತೆ ಮಾಡುವದನ್ನೂ ಸ್ಟಿಲ್ಲರು ಗುರುತಿಸಿದರು. ಒಳ್ಳೆಯ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿಯೂ ಇದು ಕಂಡುದರಿಂದ, ತಂದೆತಾಯಿಗಳ ಸಾಕಣೆಯೊಂದೇ ಇದರ ಕಾರಣವಾಗಲಾರದು, ದೇಹದಲ್ಲಿಯೇ ಮೂಲವಿರಬೇಕು ಎಂದು ಅವರು ಊಹಿಸಿದರು. ಇದು ದೊಡ್ಡ ಹೆಜ್ಜೆ. ಆದರೆ ಅವರು ಇಟ್ಟ ಹೆಸರು 'ನೀತಿನಿಗ್ರಹದ ದೋಷ' ಎಂಬುದು. ಹೊಡೆತವು ವ್ಯರ್ಥವೆಂದು ಅವರ ವರ್ಣನೆಯೇ ತೋರಿಸುತ್ತಿದ್ದರೂ, ಹೆಸರಿನಲ್ಲಿ ನೀತಿಯು ಉಳಿದುದರಿಂದ ಮಗುವಿನ ಮೇಲಿನ ಕಳಂಕವು ಪೂರಾ ತೊಳೆದು ಹೋಗಲಿಲ್ಲ.

ಸಾಂಕ್ರಾಮಿಕವೂ ಔಷಧವೂ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಒಂದು ವಿಚಿತ್ರವಾದ ಮಿದುಳಿನ ಉರಿಯೂತವು ಹರಡಿತು. ವಿಯೆನ್ನಾದ ಫಾನ್ ಎಕೊನೊಮೊ ಅವರು ೧೯೧೭ರಲ್ಲಿ ಅದನ್ನು ವರ್ಣಿಸಿದರು. ೧೯೨೦ರ ದಶಕದ ಕೊನೆಯ ಹೊತ್ತಿಗೆ ಅದು ಇಳಿಯಿತು. ಬದುಕಿ ಉಳಿದ ಮಕ್ಕಳಲ್ಲಿ ಅನೇಕರು ಮೊದಲಿನಂತೆ ಇರಲಿಲ್ಲ. ಶಾಂತವಾಗಿದ್ದವರು ಕಾಲು ನಿಲ್ಲದವರಾದರು, ವಿನಯವಂತರು ದುಡುಕುವವರಾದರು. ನಿನ್ನೆಯವರೆಗೆ ಒಳ್ಳೆಯವನೆನಿಸಿದ್ದ ಬಾಲಕನು ಜ್ವರವೊಂದರ ತರುವಾಯ ಹೀಗಾದುದನ್ನು ಕಂಡ ಮೇಲೆ, ನಡತೆಗೂ ಮಿದುಳಿಗೂ ಇರುವ ಸಂಬಂಧವನ್ನು ಅಲ್ಲಗಳೆಯುವದು ಅಸಾಧ್ಯವಾಯಿತು. ಆದರೆ ಇದರಿಂದ ಹೊಸದೊಂದು ತಪ್ಪುತರ್ಕವೂ ಹುಟ್ಟಿತು. ಮಿದುಳಿಗೆ ಪೆಟ್ಟಾದವರು ಚಪಲರಾಗುವರೆಂಬುದು ನಿಜವಾದರೂ, ಚಪಲರೆಲ್ಲರ ಮಿದುಳಿಗೂ ಪೆಟ್ಟಾಗಿದೆಯೆಂದು ಹೇಳಲು ಅದರಿಂದ ಆಧಾರವಾಗುವದಿಲ್ಲ.

ಬರ್ಲಿನ್ನಿನ ಫ್ರಾಂಟ್ಸ್ ಕ್ರಾಮರ್ ಮತ್ತು ಹಾನ್ಸ್ ಪೋಲ್ನೋ ಎಂಬ ವೈದ್ಯರು ೧೯೩೨ರಲ್ಲಿ, ಆ ಸಾಂಕ್ರಾಮಿಕದ ಸೋಂಕಿಲ್ಲದ ಮಕ್ಕಳಲ್ಲಿಯೂ ಅತಿಚಲನೆಯ ಬೇರೆಯೇ ಆದ ಸ್ಥಿತಿಯುಂಟೆಂದು ತೋರಿಸಿಕೊಟ್ಟರು. ಆದರೆ ಮರುವರ್ಷವೇ ಜರ್ಮನಿಯಲ್ಲಿ ನಾಜಿಗಳ ಆಳಿಕೆ ಬಂದು, ಇಬ್ಬರೂ ದೇಶವನ್ನು ಬಿಡಬೇಕಾಯಿತು. ಪೋಲ್ನೋ ಅವರು ೧೯೪೩ರಲ್ಲಿ ಮೌಟ್‌ಹೌಸೆನ್ ಶಿಬಿರದಲ್ಲಿ ಕೊಲ್ಲಲ್ಪಟ್ಟರು. ಅವರ ಸಂಶೋಧನೆಯು ಬಹುಕಾಲ ಮರೆವಿಗೆ ಸಂದಿತು.

ಅಷ್ಟರಲ್ಲಿ ಅಮೆರಿಕೆಯಲ್ಲಿ ಮತ್ತೊಂದು ಘಟನೆ ನಡೆಯಿತು. ರೋಡ್ ಐಲೆಂಡಿನಲ್ಲಿ ಬ್ರಾಡ್ಲಿ ಎಂಬ ಸಿರಿವಂತರ ಮಗಳು ಎಮ್ಮಾ ಎಂಬವಳು ಏಳನೆಯ ವಯಸ್ಸಿನಲ್ಲಿ ಮಿದುಳಿನ ಉರಿಯೂತಕ್ಕೆ ತುತ್ತಾಗಿದ್ದಳು. ಅವಳ ಹೆಸರಿನಲ್ಲಿ, ತಂದೆಯ ಮೃತ್ಯುಪತ್ರದ ಹಣದಿಂದ, ನಡತೆಯ ತೊಂದರೆಯುಳ್ಳ ಮಕ್ಕಳ ಆಸ್ಪತ್ರೆಯೊಂದು ೧೯೩೧ರಲ್ಲಿ ತೆರೆಯಲ್ಪಟ್ಟಿತು. ಅಲ್ಲಿಯ ವೈದ್ಯರಾದ ಚಾರ್ಲ್ಸ್ ಬ್ರಾಡ್ಲಿ ಅವರು ೧೯೩೭ರಲ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಮೂವತ್ತು ಮಕ್ಕಳಿಗೆ ಒಂದು ವಾರ ಕೊಟ್ಟು ನೋಡಿದರು. ಹದಿನಾಲ್ಕು ಮಕ್ಕಳ ಶಾಲೆಯ ಕೆಲಸದಲ್ಲಿ ಎದ್ದು ಕಾಣುವ ಸುಧಾರಣೆಯಾಯಿತು. ಉತ್ತೇಜಕವು ಚಂಚಲ ಮಗುವನ್ನು ಶಾಂತಗೊಳಿಸಿದ್ದು ಎಲ್ಲರಿಗೂ ಆಶ್ಚರ್ಯವನ್ನುಂಟುಮಾಡಿತು. ಈ ಪರೀಕ್ಷೆಯಲ್ಲಿಯೂ ಒರೆಗಲ್ಲಾದುದು ಶಾಲೆಯ ಪಾಠವೇ ಎಂಬುದನ್ನು ಮರೆಯಲಾಗದು.

ಬೇರೆ ಕೊಠಡಿ, ಗುಳಿಗೆ, ಪ್ರಶ್ನಾವಳಿ

ಜರ್ಮನಿಯಿಂದ ಅಮೆರಿಕೆಗೆ ಹೋದ ಆಲ್ಫ್ರೆಡ್ ಸ್ಟ್ರಾಸ್ ಎಂಬ ವೈದ್ಯರೂ ಲಾರಾ ಲೆಹ್ಟಿನೆನ್ ಎಂಬ ಶಿಕ್ಷಕಿಯೂ ೧೯೪೭ರಲ್ಲಿ ಪ್ರಕಟಿಸಿದ ಗ್ರಂಥವು ಶಾಲೆಗೆ ನೇರವಾಗಿ ಮಾತನಾಡಿತು. ಇಂಥ ಮಕ್ಕಳ ತರಗತಿಯು ಚಿಕ್ಕದಿರಬೇಕು, ಗೋಡೆಗಳ ಮೇಲೆ ಚಿತ್ರಗಳಿರಬಾರದು, ಬೀದಿ ಕಾಣುವ ಕಿಟಕಿಗಳು ಮುಚ್ಚಿರಬೇಕು, ಶಿಕ್ಷಕಿಯು ಕಣ್ಣು ಸೆಳೆಯುವ ಒಡವೆಗಳನ್ನು ತೊಡಬಾರದು ಎಂದೆಲ್ಲ ಅವರು ವಿಧಿಸಿದರು. ಅವರು ಈ ಮಕ್ಕಳನ್ನು ಮಿದುಳಿಗೆ ಪೆಟ್ಟಾದವರೆಂದೇ ಕರೆದರು. ಆ ಮಾತು ಮುಂದೆ 'ಅಲ್ಪ ಮಸ್ತಿಷ್ಕ ದೋಷ'ವೆಂದು ಮೃದುವಾಯಿತು. ಕಾರಣದ ವಿಷಯದಲ್ಲಿ ಅವರು ಎಡವಿದರೂ, ಮಗುವನ್ನು ಬದಲಿಸುವ ಮೊದಲು ಕೊಠಡಿಯನ್ನು ಬದಲಿಸಿ ನೋಡಬೇಕೆಂಬ ಅವರ ಬುದ್ಧಿಯು ಶ್ಲಾಘ್ಯವಾದುದೇ ಸರಿ.

ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯಲ್ಲಿ ೧೯೪೪ರಲ್ಲಿ ತಯಾರಾದ ಮಿಥೈಲ್‌ಫೆನಿಡೇಟ್ ಎಂಬ ಔಷಧವು ೧೯೫೪ರಲ್ಲಿ ರಿಟಾಲಿನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದು, ಮುಂದೆ ಈ ಮಕ್ಕಳಿಗೆ ವಿಶೇಷವಾಗಿ ಕೊಡಲ್ಪಟ್ಟಿತು. ಅಮೆರಿಕೆಯ ಮನೋವೈದ್ಯರ ಸಂಘದ ರೋಗನಿರ್ಣಯ ಗ್ರಂಥವು ೧೯೬೮ರಲ್ಲಿ 'ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ' ಎಂಬ ಹೆಸರನ್ನು ಅಂಗೀಕರಿಸಿತು. ೧೯೬೯ರಲ್ಲಿ ಕೀತ್ ಕಾನರ್ಸ್ ಎಂಬವರು ಮೂವತ್ತೊಂಬತ್ತು ಅಂಶಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದನ್ನು ತುಂಬಬೇಕಾದವರು ಶಿಕ್ಷಕರು. ಶಿಕ್ಷಕನ ಕಣ್ಣು ಹೀಗೆ ಶಾಸ್ತ್ರದ ಉಪಕರಣವಾಯಿತು. ಅದರೊಡನೆ ಶಂಕೆಯೂ ಎದ್ದಿತು. ಓಮಾಹಾ ಎಂಬ ಪಟ್ಟಣದ ಶಾಲಾಮಕ್ಕಳಿಗೆ ನಡತೆಗಾಗಿ ಔಷಧ ಕೊಡುತ್ತಿರುವರೆಂಬ ಪತ್ರಿಕಾವರದಿಯ ಮೇಲಿಂದ ೧೯೭೦ರಲ್ಲಿ ಅಮೆರಿಕೆಯ ಶಾಸನಸಭೆಯು ವಿಚಾರಣೆ ನಡೆಸಿತು. ಮಗುವಿನ ಹಿತಕ್ಕಾಗಿ ಔಷಧವೋ, ತರಗತಿಯ ಶಾಂತಿಗಾಗಿ ಔಷಧವೋ ಎಂಬ ಆಗಿನ ಪ್ರಶ್ನೆಯು ಇಂದಿಗೂ ಹಳತಾಗಿಲ್ಲ.

ಕೆನಡಾದ ವರ್ಜೀನಿಯಾ ಡಗ್ಲಸ್ ಅವರು ೧೯೭೨ರಲ್ಲಿ ಈ ಮಕ್ಕಳ ಮುಖ್ಯ ಕಷ್ಟವು ಓಡಾಟವಲ್ಲ, ಗಮನವನ್ನು ಹಿಡಿದಿಡಲಾಗದಿರುವದೂ ತಮ್ಮನ್ನು ತಡೆದುಕೊಳ್ಳಲಾಗದಿರುವದೂ ಎಂದು ತೋರಿಸಿದರು. ಆದುದರಿಂದ ೧೯೮೦ರಲ್ಲಿ ಹೆಸರು 'ಗಮನ ಕೊರತೆಯ ತೊಂದರೆ'ಯೆಂದಾಗಿ, ಓಡಾಟವಿಲ್ಲದ ಮಗುವಿಗೂ ಅದರಲ್ಲಿ ಎಡೆಯಾಯಿತು. ೧೯೮೭ರಲ್ಲಿ ಈಗಿನ ಹೆಸರು ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಹಳೆಯ 'ಅತಿಚಲನೆಯ ತೊಂದರೆ' ಎಂಬ ಮಾತನ್ನು ಬಿಟ್ಟು ಇದೇ ಹೆಸರನ್ನು ಸ್ವೀಕರಿಸಿದ ಹೊಸ ರೋಗವರ್ಗೀಕರಣವು ೨೦೨೨ರ ಜನವರಿಯಿಂದ ಜಾರಿಗೆ ಬಂದಿದೆ.

ಇಂದಿನ ತಿಳಿವಳಿಕೆ

ಇಂದು ಶಾಸ್ತ್ರವು ಹೇಳುವದನ್ನು ಸಂಗ್ರಹಿಸುವದಾದರೆ, ಈ ತೊಂದರೆಯು ಹೆಚ್ಚಿನ ಮಟ್ಟಿಗೆ ವಂಶವಾಹಿನಿಯಿಂದ ಬರುವದು. ೨೦೦೭ರಲ್ಲಿ ಅಮೆರಿಕೆಯ ಫಿಲಿಪ್ ಶಾ ಮತ್ತು ಸಂಗಡಿಗರು ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದಾಗ, ಮಿದುಳಿನ ಹೊರಪದರವು ತನ್ನ ಪೂರ್ಣ ದಪ್ಪವನ್ನು ಮುಟ್ಟುವದು ಇತರ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೂ ಈ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷಕ್ಕೂ ಎಂದು ಕಂಡುಬಂದಿತು. ಇದು ಮಿದುಳಿನ ಗಾಯವಲ್ಲ, ನಿಧಾನವಾಗಿ ಬರುವ ಪಕ್ವತೆ ಎಂಬುದಕ್ಕೆ ಆ ಚಿತ್ರಗಳು ಪುಷ್ಟಿಯಾದವು. ಔಷಧವು ಅನೇಕರಿಗೆ ಗುಣ ಕೊಡುವದು. ೧೯೯೯ರಲ್ಲಿ ೫೭೯ ಮಕ್ಕಳ ಮೇಲೆ ಹದಿನಾಲ್ಕು ತಿಂಗಳು ನಡೆದ ಅಮೆರಿಕೆಯ ದೊಡ್ಡ ಪರೀಕ್ಷೆಯು ಇದನ್ನು ತೋರಿಸಿತು. ತಂದೆತಾಯಿಗಳಿಗೂ ಶಿಕ್ಷಕರಿಗೂ ಕೊಡುವ ತರಬೇತಿಗೂ ತನ್ನದೇ ಆದ ಸ್ಥಾನವುಂಟು. ನಿರ್ಣಯಕ್ಕೆ ಲಕ್ಷಣಗಳು ಹನ್ನೆರಡು ವರ್ಷದೊಳಗೆ ತೋರಿರಬೇಕು, ಶಾಲೆಯೊಂದರಲ್ಲೇ ಅಲ್ಲದೆ ಮನೆ ಮೊದಲಾದ ಬೇರೆ ಕಡೆಯಲ್ಲಿಯೂ ಕಾಣಬೇಕು.

ಈ ಕೊನೆಯ ನಿಯಮವು ಎಷ್ಟು ಆವಶ್ಯಕವೆಂಬುದನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಅಭ್ಯಾಸವೊಂದು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅಲ್ಲಿ ಒಂದು ಇಸವಿಯಲ್ಲಿ ಹುಟ್ಟಿದವರೆಲ್ಲ ಒಂದೇ ತರಗತಿಗೆ ಸೇರುವರು. ಆದುದರಿಂದ ಡಿಸೆಂಬರದಲ್ಲಿ ಹುಟ್ಟಿದವನು ಜನವರಿಯವನಿಗಿಂತ ಹೆಚ್ಚು ಕಡಿಮೆ ಒಂದು ವರ್ಷ ಚಿಕ್ಕವನು. ೯,೩೭,೯೪೩ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ೨೦೧೨ರಲ್ಲಿ ಪ್ರಕಟವಾದ ಆ ಅಭ್ಯಾಸದಂತೆ, ಡಿಸೆಂಬರದಲ್ಲಿ ಹುಟ್ಟಿದ ಹುಡುಗರಲ್ಲಿ ಈ ರೋಗನಿರ್ಣಯವು ಜನವರಿಯ ಹುಡುಗರಿಗಿಂತ ನೂರಕ್ಕೆ ೩೦ರಷ್ಟು ಹೆಚ್ಚು. ಹುಡುಗಿಯರಲ್ಲಿ ನೂರಕ್ಕೆ ೭೦ರಷ್ಟು ಹೆಚ್ಚು. ಹುಟ್ಟಿದ ತಿಂಗಳಿನಿಂದ ರೋಗ ಬರುವದಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವನಾದ ಮಗುವಿನ ಎಳೆತನವೇ ರೋಗದಂತೆ ಕಂಡಿತೆಂದು ಇದರ ಅರ್ಥವು. ಬಳ್ಳಾರಿಯ ಹಳೆಯ ಶಾಲೆಯು ವಯಸ್ಸಿನ ಸಾಲಿನಲ್ಲಿ ಮಕ್ಕಳನ್ನು ಕೂಡ್ರಿಸದೆ ಶಕ್ತಿಗೆ ತಕ್ಕಂತೆ ಏರಿಸುತ್ತಿದ್ದುದರ ಬೆಲೆಯು ಇಲ್ಲಿ ಮತ್ತೆ ನೆನಪಾಗುವದು.

ಇದಕ್ಕೆ ವಿರುದ್ಧವಾದ ತಪ್ಪು ಕಿಟಕಿಯಾಚೆ ನೋಡುವ ಬಾಲಕಿಯ ವಿಷಯದಲ್ಲಿ ನಡೆಯುವದು. ಹುಡುಗಿಯರಲ್ಲಿ ಓಡಾಟಕ್ಕಿಂತ ಅನ್ಯಮನಸ್ಕತೆಯೇ ಮುಂದಾಗಿ ಕಾಣುವದು ಹೆಚ್ಚು. ಅವಳು ಯಾರ ಪಾಠಕ್ಕೂ ಅಡ್ಡಿ ಮಾಡುವದಿಲ್ಲ; ಆದುದರಿಂದ ಯಾರ ದೂರಿನಲ್ಲಿಯೂ ಅವಳ ಹೆಸರಿಲ್ಲ. ವರ್ಷದ ಕೊನೆಗೆ ಅಂಕಗಳು ಕಡಿಮೆಯಾದಾಗ ಮಂದಬುದ್ಧಿಯವಳೆಂಬ ಒಂದು ಮಾತಿನಿಂದ ಅವಳ ಕಥೆ ಮುಗಿದುಹೋಗುವದು. ಶಾಲೆಯು ತನಗೆ ಆದ ತೊಂದರೆಯನ್ನು ಬೇಗ ಕಾಣುವದು, ಮಗುವಿಗೆ ಆದ ತೊಂದರೆಯನ್ನು ತಡವಾಗಿ ಕಾಣುವದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಾಗಿಲ್ಲ.

ನಮ್ಮ ನಾಡಿನಲ್ಲಿ

ಭಾರತದಲ್ಲಿ ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದು, ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಶಾಲೆಯ ಬಾಗಿಲನ್ನು ತೆರೆಯಿತು. ಅದರ ಹದಿನೇಳನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವದು. ಕಾಯಿದೆಯ ದೃಷ್ಟಿಯಲ್ಲಿ ಕೋದಂಡವೂ ಬಸ್ಕಿಯೂ ಇಂದು ಅಪರಾಧಗಳು. 'ಇವನು ಉದ್ಧಾರವಾಗುವದಿಲ್ಲ' ಎಂದು ತುಂಬಿದ ತರಗತಿಯಲ್ಲಿ ಆಡುವ ಮಾತೂ ಅದೇ ಸಾಲಿಗೆ ಸೇರತಕ್ಕದ್ದು. ಅಂಗವಿಕಲರ ಹಕ್ಕುಗಳ ೨೦೧೬ರ ಕಾಯಿದೆಯು ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಕಲಿಕೆಯ ನಿರ್ದಿಷ್ಟ ತೊಂದರೆಗಳೂ ಆಟಿಸಮ್ ಎಂಬುದೂ ಅವುಗಳಲ್ಲ���ವೆ. ಗಮನ ಕೊರತೆಯ ತೊಂದರೆಯು ಪ್ರತ್ಯೇಕವಾಗಿ ಅಲ್ಲಿ ಹೆಸರಿಸಲ್ಪಟ್ಟಿಲ್ಲ. ಆದುದರಿಂದ ಈ ಮಗುವಿನ ಹಿತವು ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಅವನ ಶಿಕ್ಷಕರ ತಿಳಿವಳಿಕೆಯನ್ನೇ ಅವಲಂಬಿಸಿರುವದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿರುವದು ಕನ್ನಡಿಗರ ಭಾಗ್ಯವೇ ಸರಿ. ಆದರೆ ಹಳ್ಳಿಯ ಶಾಲೆಯಿಂದ ಅಲ್ಲಿಗೆ ಇರುವ ದಾರಿಯು ದೂರವಾದುದು. ಆ ದಾರಿಯ ಮೊದಲ ಹೆಜ್ಜೆಯನ್ನು ಇಡಿಸಬೇಕಾದವನು ಹಳ್ಳಿಯ ಶಿಕ್ಷಕನೇ.

ಅವನ ಕೈಯಲ್ಲಿ ಇರುವ ಉಪಾಯಗಳೇನೂ ದುಬಾರಿಯಾದುವಲ್ಲ. ಮಗುವನ್ನು ಬಾಗಿಲು ಕಿಟಕಿಗಳಿಂದ ದೂರಕ್ಕೆ, ತನ್ನ ಹತ್ತಿರಕ್ಕೆ ಕೂಡ್ರಿಸುವದು; ಹತ್ತು ಲೆಕ್ಕಗಳನ್ನು ಒಟ್ಟಿಗೆ ಕೊಡದೆ ಎರಡೆರಡಾಗಿ ಕೊಡುವದು; ಸೂಚನೆಯನ್ನು ಚಿಕ್ಕದಾಗಿ ಹೇಳಿ, ಮಗುವಿನ ಬಾಯಿಂದ ಒಮ್ಮೆ ಹೇಳಿಸುವದು; ಪುಸ್ತಕ ಹಂಚುವದು, ಕರಿಹಲಗೆ ಒರೆಸುವದು ಮುಂತಾದ ಕೆಲಸಗಳನ್ನು ಒಪ್ಪಿಸಿ ಏಳುವದಕ್ಕೆ ಮರ್ಯಾದೆಯ ಕಾರಣವನ್ನು ಕೊಡುವದು; ಸರಿಯಾಗಿ ಮಾಡಿದುದನ್ನು ಆ ಕ್ಷಣದಲ್ಲಿಯೇ ಮೆಚ್ಚಿ ನುಡಿಯುವದು; ಆಟದ ಹೊತ್ತನ್ನು ಶಿಕ್ಷೆಯಾಗಿ ಕಸಿಯದಿರುವದು. ಇವುಗಳಿಂದ ಸಾಗದಿದ್ದಲ್ಲಿ ತಂದೆತಾಯಿಗಳನ್ನು ಕರೆಯಿಸಿ, ದೂರು ಹೇಳದೆ ತಾನು ಕಂಡುದನ್ನು ತಿಳಿಸಿ, ವೈದ್ಯರ ಬಳಿಗೆ ಕಳಿಸುವದು ಅವನ ಧರ್ಮವು. ರೋಗದ ಹೆಸರನ್ನು ತಾನೇ ಇಡುವದು ಅವನ ಅಧಿಕಾರವಲ್ಲ. ಅಲ್ಲದೆ, ನಲವತ್ತು ಐವತ್ತು ಮಕ್ಕಳನ್ನು ಒಬ್ಬನ ಮುಂದೆ ಕೂಡ್ರಿಸಿ ಇಷ್ಟೆಲ್ಲವನ್ನೂ ಅವನಿಂದ ನಿರೀಕ್ಷಿಸುವದು ಅನ್ಯಾಯವೆಂಬುದನ್ನು ಶಾಲೆಗಳನ್ನು ನಡೆಸುವವರು ತಿಳಿಯಬೇಕು. ಹನ್ನೆರಡು ಮಕ್ಕಳ ಆ ಹಳೆಯ ಲೆಕ್ಕವು ಇಂದು ಅಸಾಧ್ಯವಾದರೂ, ಕಾಯಿದೆಯೇ ಕೆಳಗಿನ ತರಗತಿಗಳಿಗೆ ಹೇಳಿರುವ ಮೂವತ್ತರ ಲೆಕ್ಕವನ್ನು ಕಾಪಾಡುವದು ಅಸಾಧ್ಯವಲ್ಲ.

ಎರಡು ನೂರು ವರ್ಷಗಳ ಈ ಕಥೆಯಲ್ಲಿ ಮಗುವನ್ನು ಸುಮ್ಮನೆ ಕೂಡ್ರಿಸುವ ಉಪಾಯಗಳನ್ನು ಹುಡುಕಿದವರು ಬಹುಜನರು. ಅವನು ಏಕೆ ಕೂಡ್ರಲಾರನೆಂದು ಕೇಳಿದವರು ಕೆಲವರು. ಮುಂದಕ್ಕೆ ಹೆಜ್ಜೆಯಿಟ್ಟಾಗಲೆಲ್ಲ ಆ ಕೆಲವರ ಪ್ರಶ್ನೆಯಿಂದಲೇ ಇಟ್ಟದ್ದು. ಈಗಿನ ಹೆಸರೂ ಮುಂದೊಂದು ದಿನ ಬದಲಾಗಬಹುದು. ಆದರೆ ನಾಳೆ ಬೆಳಿಗ್ಗೆ ತಡವಾಗಿ, ಬಳಪವಿಲ್ಲದೆ, ಓಡುತ್ತ ಬಂದು ಬಾಗಿಲಲ್ಲಿ ನಿಲ್ಲುವ ಮಗುವಿಗೆ ಆ ಹೆಸರಿನಿಂದ ಆಗಬೇಕಾದುದು ಏನೂ ಇಲ್ಲ. ಒಳಗೆ ಬರಲು ಹೇಳುವ ಗುರುವಿನ ದನಿಯಲ್ಲಿ ಆ ಮಗುವಿನ ವಿದ್ಯೆಯ ಆರಂಭವಿರುವದು.